ಇಟಲಿಯ ಹೆಣ್ಣುಮಕ್ಕಳು: ಸಮಾನತೆ ಬರೆದಾದ ಮೇಲೂ ಅಳಿಸದೆ ಉಳಿದ ಸಾಲುಗಳು

1946ರಲ್ಲಿ ವೋಟು ಹಾಕಲು ಹೊರಟಿದ್ದ ಇಟಲಿಯ ಹೆಂಗಸರಿಗೆ ಕೊರಿಯೆರೆ ದೆಲ್ಲಾ ಸೆರಾ ಪತ್ರಿಕೆ ಒಂದು ಕಿವಿಮಾತು ಹೇಳಿತು. ಮತಗಟ್ಟೆಗೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಬರಬೇಡಿ. ಬೇಕಿದ್ದರೆ ಜೊತೆಗೆ ತನ್ನಿ, ಹೊರಗೆ ಬಂದ ಮೇಲೆ ಹಚ್ಚಿಕೊಳ್ಳಿ. ಇದು ತಮಾಷೆಯಲ್ಲ. ಆಗ ಮತಪತ್ರವನ್ನು ಮಡಿಸಿ, ಅಂಚಿನ ಅಂಟಿಗೆ ಎಂಜಲು ತಾಗಿಸಿ ಮುಚ್ಚಬೇಕಿತ್ತು. ತುಟಿಯ ಬಣ್ಣ ಚೂರು ತಾಗಿದರೂ ಗುರುತು ಬಿದ್ದ ವೋಟು ಅಂತ ತಳ್ಳಿಹಾಕುವ ಭಯ.

ಜೂನ್ 2ರಂದು ದೇಶದ ಮುಂದೆ ಒಂದು ದೊಡ್ಡ ಪ್ರಶ್ನೆ ಇತ್ತು: ರಾಜ ಬೇಕೋ, ಗಣರಾಜ್ಯ ಬೇಕೋ? ವೋಟಿದ್ದ ಹೆಂಗಸರಲ್ಲಿ ನೂರಕ್ಕೆ 89 ಮಂದಿ ಬಂದರು, ಗಂಡಸರು ಬಂದಷ್ಟೇ. ಸುಮಾರು 1 ಕೋಟಿ 27 ಲಕ್ಷ ವೋಟು ಗಣರಾಜ್ಯಕ್ಕೆ, 1 ಕೋಟಿ 7 ಲಕ್ಷ ರಾಜನಿಗೆ. ರಾಜ ಮನೆಗೆ ಹೋದ.

ಈಗ ರಾಜನನ್ನು ಇಳಿಸಿ ಮನೆಗೆ ಮರಳಿದ ಹೆಂಗಸಿನ ಹಿಂದೆ ನಾವೂ ಹೋಗೋಣ. ಬಾಗಿಲು ದಾಟಿದ ಕೂಡಲೇ ಅಲ್ಲಿ ಇನ್ನೊಬ್ಬ ರಾಜ ಇದ್ದ. 1942ರ ನಾಗರಿಕ ಸಂಹಿತೆಯ ಪ್ರಕಾರ ಗಂಡ ಕುಟುಂಬದ ಯಜಮಾನ. ಅವನು ಎಲ್ಲಿ ಮನೆ ಮಾಡುತ್ತಾನೋ ಅಲ್ಲಿಗೆ ಹೆಂಡತಿ ಹೋಗಲೇಬೇಕು. ಮಕ್ಕಳ ವಿಷಯದಲ್ಲಿ ಅಪ್ಪನ ಮಾತೇ ಕೊನೆ. ಇನ್ನು 1930ರ ದಂಡಸಂಹಿತೆಯ ಪ್ರಕಾರ, ಹೆಂಡತಿ ಇನ್ನೊಬ್ಬನ ಜೊತೆ ಒಮ್ಮೆ ಮಲಗಿದ್ದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು. ಗಂಡನಿಗೆ ಶಿಕ್ಷೆ ಆಗಬೇಕಾದರೆ ಅವನು ಇನ್ನೊಬ್ಬಳನ್ನು ಸ್ವಂತ ಮನೆಯಲ್ಲೇ ಇಟ್ಟುಕೊಂಡಿರಬೇಕು, ಅಥವಾ ಊರಿಗೆಲ್ಲ ಗೊತ್ತಾಗುವ ಹಾಗೆ ಬೇರೆ ಕಡೆ ಇಟ್ಟಿರಬೇಕು. ಹೆಂಡತಿ, ಮಗಳು ಅಥವಾ ತಂಗಿಯ ‘ಅಕ್ರಮ ಸಂಬಂಧ’ ಕಂಡು ರೋಷದಲ್ಲಿ ಕೊಂದವನಿಗೆ ಬರೀ 3ರಿಂದ 7 ವರ್ಷ. ಅತ್ಯಾಚಾರ ಮಾಡಿದವನು ಅದೇ ಹುಡುಗಿಯನ್ನು ಮದುವೆಯಾದರೆ ಕೇಸೇ ಮುಗಿಯಿತು.

ಆ ವೋಟಾಗಿ ಒಂದೂವರೆ ವರ್ಷಕ್ಕೆ, 1948ರ ಜನವರಿ 1ರಂದು, ಇಟಲಿಯ ಹೊಸ ಸಂವಿಧಾನ ಜಾರಿಗೆ ಬಂತು. ಗಂಡು ಹೆಣ್ಣು ಸಮಾನ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಾಗಾದರೆ ಮೇಲಿನದ್ದೆಲ್ಲ ಅವತ್ತೇ ಬಿದ್ದುಹೋಗಬೇಕಿತ್ತು, ಅಲ್ವಾ? ಬೀಳಲಿಲ್ಲ. ಕೆಲವು 1968ರವರೆಗೆ ಉಳಿದವು, ಕೆಲವು 1975ರವರೆಗೆ. ಅತ್ಯಾಚಾರಿಯನ್ನು ಮದುವೆ ಕಾಪಾಡುವ ಕಲಮು 1981ರವರೆಗೂ ಇತ್ತು. ಇಟಲಿಯ ಹೆಂಗಸರ ಕತೆ ಅರ್ಥವಾಗಬೇಕಾದರೆ ಈ ವಿಚಿತ್ರವನ್ನು ಹಿಡಿದುಕೊಳ್ಳಬೇಕು. ಸಮಾನತೆಯನ್ನು ಒಂದೇ ಸಲಕ್ಕೆ ಬರೆದರು. ಅಸಮಾನತೆಯನ್ನು ಒಂದೊಂದೇ ಸಾಲು ಅಳಿಸುತ್ತಾ ಹೋದರು.

ಗೌನಿನ ಕೆಳಗೆ ಯಾವ ಬಟ್ಟೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಚೂರುಚೂರಾಗಿದ್ದ ಇಟಲಿ 1861ರಲ್ಲಿ ಒಂದು ರಾಜ್ಯವಾಯಿತು. 1865ರಲ್ಲಿ ಇಡೀ ದೇಶಕ್ಕೆ ಒಂದೇ ನಾಗರಿಕ ಸಂಹಿತೆ ಬಂತು. ಅದರಲ್ಲಿ ‘ಗಂಡನ ಅನುಮತಿ’ ಅನ್ನುವ ನಿಯಮ ಇತ್ತು. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲೇ ಇರುವ ಹೊಲ ಮಾರಬೇಕಾದರೂ, ಅಡವಿಡಬೇಕಾದರೂ, ಸಾಲ ತರಬೇಕಾದರೂ ಗಂಡ ಒಪ್ಪಿಗೆ ಕೊಡಬೇಕು. ಆಸ್ತಿ ಅವಳದೇ. ಬೀಗದ ಕೈ ಮಾತ್ರ ಅವನ ಹತ್ತಿರ.

ತೂರಿನ್ ನಗರದಲ್ಲಿ ಕಾನೂನು ಓದಿದ ಲಿದಿಯಾ ಪೊಯೆತ್ 1881ರಲ್ಲಿ ಪದವಿ ಪಡೆದರು. ಎರಡು ವರ್ಷ ಕೆಲಸ ಕಲಿತು, ಪರೀಕ್ಷೆ ಪಾಸಾಗಿ, 1883ರ ಆಗಸ್ಟಿನಲ್ಲಿ ವಕೀಲರ ಪಟ್ಟಿಗೆ ಸೇರಿದರು. ಸರ್ಕಾರಿ ವಕೀಲರು ತಕರಾರು ತೆಗೆದರು. ಅದೇ ವರ್ಷ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆಕೆಯ ಹೆಸರು ಹೊಡೆದುಹಾಕಿತು. ಕೊಟ್ಟ ಕಾರಣಗಳಲ್ಲಿ ಒಂದನ್ನು ಓದಿದರೆ ನಗು ಬರುತ್ತದೆ. ಫ್ಯಾಷನ್ ಹೆಸರಿನಲ್ಲಿ ಹೆಂಗಸರು ವಿಚಿತ್ರ ಬಟ್ಟೆ ಹಾಕುತ್ತಾರೆ, ಅದರ ಮೇಲೆ ವಕೀಲರ ಗೌನು ಹಾಕಿಕೊಂಡರೆ ನೋಡಲು ಚೆನ್ನಾಗಿರುತ್ತದೆಯೇ ಅನ್ನುವ ವಾದ ಅದು! 1884ರಲ್ಲಿ ಅತ್ಯುನ್ನತ ನ್ಯಾಯಾಲಯವೂ ಇದೇ ತೀರ್ಪನ್ನು ಎತ್ತಿಹಿಡಿಯಿತು.

ಪೊಯೆತ್ ಮನೆಯಲ್ಲಿ ಕೂರಲಿಲ್ಲ. ಅಣ್ಣನ ವಕೀಲಿ ಕಚೇರಿಯಲ್ಲಿ ಕೆಲಸ ಮಾಡಿದರು, ಆದರೆ ಹೆಸರು ಹಾಕುವಂತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗಂಡಸರು ಗಡಿಗೆ ಹೋದಾಗ ಕಾರ್ಖಾನೆ, ಟ್ರಾಮು, ಅಂಚೆ ಎಲ್ಲ ನಡೆಸಿದ್ದು ಹೆಂಗಸರು. ಯುದ್ಧ ಮುಗಿದ ಮೇಲೆ, 1919ರ ಜುಲೈನಲ್ಲಿ, ‘ಗಂಡನ ಅನುಮತಿ’ಯನ್ನು ಸಂಸತ್ತು ತೆಗೆದುಹಾಕಿತು. ವೃತ್ತಿಗಳ ಬಾಗಿಲೂ ತೆರೆಯಿತು. 1920ರಲ್ಲಿ ಪೊಯೆತ್ ಮತ್ತೆ ವಕೀಲರ ಪಟ್ಟಿ ಸೇರಿದರು. ಆಗ ಅವರಿಗೆ 65. ನಮ್ಮಲ್ಲಿ ಪೆನ್ಷನ್ ಎಣಿಸುವ ವಯಸ್ಸು.

ಆದರೆ ಅದೇ 1919ರ ಕಾನೂನಿನ 7ನೇ ಕಲಮಿನಲ್ಲಿ ಒಂದು ಕೊಕ್ಕೆ ಇತ್ತು. ನ್ಯಾಯ ತೀರ್ಮಾನ, ರಾಜಕೀಯ ಅಧಿಕಾರ, ದೇಶರಕ್ಷಣೆಗೆ ಸೇರಿದ ಹುದ್ದೆಗಳು ಹೆಂಗಸರಿಗಿಲ್ಲ. ಈ 7ನೇ ಕಲಮನ್ನು ನೆನಪಿಡಿ, ಮುಂದೆ ಬರುತ್ತದೆ.

ವೋಟಿನ ವಿಷಯದಲ್ಲೂ ಇದೇ ಹಾಡು. 1906ರಲ್ಲಿ ವೈದ್ಯೆ ಮಾರಿಯಾ ಮಾಂಟೆಸ್ಸರಿ ಹೆಂಗಸರಿಗೆ ಒಂದು ಕರೆ ಕೊಟ್ಟರು: ಮತದಾರರ ಪಟ್ಟಿಗೆ ಅರ್ಜಿ ಹಾಕಿ, ಹೆಂಗಸರು ಸೇರಬಾರದು ಎಂದು ಎಲ್ಲೂ ಬರೆದಿಲ್ಲವಲ್ಲ! ಹೌದು, ನಮ್ಮ ಬಡಾವಣೆಗಳಲ್ಲಿ ಶಿಶುವಿಹಾರದ ಬೋರ್ಡಿನ ಮೇಲೆ ಕಾಣುವ ಅದೇ ಮಾಂಟೆಸ್ಸರಿ. ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದರು. ಅರ್ಜಿ ಹಾಕಿದವರಲ್ಲಿ ಸೆನಿಗಾಲ್ಲಿಯಾ ಕಡೆಯ ಹತ್ತು ಜನ ಶಾಲಾ ಟೀಚರುಗಳಿದ್ದರು. ಅಂಕೋನಾದ ನ್ಯಾಯಾಲಯ ‘ಸರಿ, ಹಾಕಬಹುದು’ ಎಂದುಬಿಟ್ಟಿತು. ಯುರೋಪಿನಲ್ಲಿ ಬಹುತೇಕ ಯಾವ ಹೆಂಗಸಿಗೂ ವೋಟಿಲ್ಲದ ಕಾಲದಲ್ಲಿ ಹತ್ತು ಜನ ಟೀಚರುಗಳ ಹೆಸರು ಮತದಾರರ ಪಟ್ಟಿಯಲ್ಲಿ! ಕೆಲವೇ ತಿಂಗಳುಗಳಲ್ಲಿ ಮೇಲಿನ ಕೋರ್ಟು ಅದನ್ನೂ ಕಿತ್ತುಹಾಕಿತು.

ಆಮೇಲೆ ಮುಸೊಲಿನಿ. ಫ್ಯಾಸಿಸ್ಟ್ ಆಡಳಿತಕ್ಕೆ ಹೆಂಗಸು ಬೇಕಿದ್ದದ್ದು ತಾಯಿಯಾಗಿ, ಅದೂ ತುಂಬಾ ಮಕ್ಕಳ ತಾಯಿಯಾಗಿ. ಪ್ರೌಢಶಾಲೆಗಳಲ್ಲಿ ಇತಿಹಾಸ, ತತ್ತ್ವಶಾಸ್ತ್ರದಂಥ ವಿಷಯ ಕಲಿಸಲು ಹೆಂಗಸರಿಗೆ ಅಡ್ಡಿ ಬಂತು. 1938ರಲ್ಲಿ ಕಚೇರಿ ಕೆಲಸದಲ್ಲಿ ಹೆಂಗಸರು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇರಬಾರದು ಎಂದು ಆಜ್ಞೆ ಹೊರಟಿತು. 1930ರ ದಂಡಸಂಹಿತೆ ಬಂದದ್ದೂ ಈ ಕಾಲದಲ್ಲೇ. ಅದರಲ್ಲಿ ಅತ್ಯಾಚಾರ ಒಬ್ಬ ಹೆಂಗಸಿನ ಮೇಲೆ ನಡೆದ ಅಪರಾಧ ಅಲ್ಲ, ಸಾರ್ವಜನಿಕ ನೈತಿಕತೆಯ ಮೇಲೆ ನಡೆದ ಅಪರಾಧ! ಮುಸೊಲಿನಿ ಹೋದರೂ ಆ ಪುಸ್ತಕ ಹೋಗಲಿಲ್ಲ.

ಎರಡು ಪುಟ್ಟ ಪದಗಳು

1945ರ ಫೆಬ್ರವರಿ 1ರ ಆಜ್ಞೆ ಹೆಂಗಸರಿಗೆ ವೋಟು ಕೊಟ್ಟಿತು. ಕೊಟ್ಟವರು ಒಂದು ವಿಷಯ ಮರೆತಿದ್ದರು. ಹೆಂಗಸರು ವೋಟು ಹಾಕಬಹುದು ಅಂತ ಬರೆದರೇ ಹೊರತು ಚುನಾವಣೆಗೆ ನಿಲ್ಲಬಹುದು ಅಂತ ಬರೆಯಲಿಲ್ಲ. ಅದನ್ನು ಸರಿಮಾಡಲು 1946ರ ಮಾರ್ಚಿನಲ್ಲಿ ಇನ್ನೊಂದು ಆಜ್ಞೆ ಹೊರಡಿಸಬೇಕಾಯಿತು.

ಸಂವಿಧಾನ ಬರೆಯಲು ಆರಿಸಿಬಂದ 556 ಮಂದಿಯಲ್ಲಿ ಹೆಂಗಸರು 21. ಕ್ಯಾಥೊಲಿಕ್ ಪಕ್ಷದವರು, ಕಮ್ಯುನಿಸ್ಟರು, ಸಮಾಜವಾದಿಗಳು ಎಲ್ಲರೂ ಇದ್ದರು. ಮೂರನೇ ಕಲಮಿನಲ್ಲಿ ‘ಎಲ್ಲ ನಾಗರಿಕರೂ ಸಮಾನರು’ ಎಂದು ಬರೆದರೆ ಸಾಕಲ್ಲವೇ, ಅದರಲ್ಲಿ ಹೆಂಗಸರೂ ಬಂದರಲ್ಲ ಎಂದು ಕೆಲವರ ವಾದ. ಸಾಲದು ಎಂದವರು ಲೀನಾ ಮೆರ್ಲಿನ್ ಎಂಬ ಸಮಾಜವಾದಿ ಟೀಚರು. ‘ಲಿಂಗಭೇದವಿಲ್ಲದೆ’ ಅನ್ನುವ ಪದ ಬೇಕೇ ಬೇಕು ಎಂದು ಹಟ ಹಿಡಿದರು. ಇವತ್ತಿಗೂ ಆ ಕಲಮಿನ ಪಟ್ಟಿಯಲ್ಲಿ ಮೊದಲು ಬರುವುದು ಲಿಂಗ. ಜನಾಂಗ, ಭಾಷೆ, ಧರ್ಮ ಆಮೇಲೆ.

ಅದೇ ಕಲಮಿನ ಎರಡನೇ ಭಾಗ ಇನ್ನೂ ಸ್ವಾರಸ್ಯ. ಸಮಾನತೆಗೆ ‘ವಾಸ್ತವದಲ್ಲಿ’ ಅಡ್ಡ ಬರುವ ಆರ್ಥಿಕ, ಸಾಮಾಜಿಕ ತೊಡಕುಗಳನ್ನು ತೆಗೆಯುವುದು ಗಣರಾಜ್ಯದ ಕೆಲಸ ಎಂದು ಅದು ಹೇಳುತ್ತದೆ. ಈ ‘ವಾಸ್ತವದಲ್ಲಿ’ ಪದ ಸೇರಿಸಲು ಪಟ್ಟು ಹಿಡಿದವರು ಎಂದು ನೆನೆಯುವುದು ತೆರೇಸಾ ಮತ್ತೇಯಿ ಅವರನ್ನು. ಆಗ ಅವರಿಗೆ 25, ಸಭೆಯಲ್ಲೇ ಎಲ್ಲರಿಗಿಂತ ಕಿರಿಯರು. ಮಾರ್ಚ್ 8ರ ಮಹಿಳಾ ದಿನಕ್ಕೆ ಇಟಲಿಯಲ್ಲಿ ಹಳದಿ ಮಿಮೋಸಾ ಹೂ ಕೊಡುವ ರೂಢಿ ಶುರುಮಾಡಿದವರಲ್ಲೂ ಅವರು ಒಬ್ಬರು. ಮಾರ್ಚ್ ಹೊತ್ತಿಗೆ ಎಲ್ಲೆಲ್ಲೂ ಅರಳುವ ಹೂ, ಬಡವರ ಕೈಗೂ ಸಿಗುತ್ತದೆ ಅನ್ನುವುದೇ ಕಾರಣ.

ಮೆರ್ಲಿನ್ ಅವರ ಪದ ಕಾನೂನಿನ ಪುಸ್ತಕಕ್ಕೆ, ಮತ್ತೇಯಿ ಅವರ ಪದ ಬದುಕಿಗೆ. ಮೊದಲನೆಯದು ಬಹುಪಾಲು ಗೆದ್ದಿದೆ. ಎರಡನೆಯದರ ಲೆಕ್ಕ ಇನ್ನೂ ಮುಗಿದಿಲ್ಲ.

ಬರೆದವರ ನಡುವೆ ಜಗ್ಗಾಟವೂ ಇತ್ತು. ಅದರ ಗಾಯ ಸಂವಿಧಾನದಲ್ಲೇ ಕಾಣುತ್ತದೆ. 29ನೇ ಕಲಮು ಗಂಡ ಹೆಂಡತಿ ಸಮಾನರು ಎನ್ನುತ್ತದೆ, ಆದರೆ ‘ಕುಟುಂಬದ ಒಗ್ಗಟ್ಟಿಗಾಗಿ ಕಾನೂನು ಹಾಕಿದ ಮಿತಿಯೊಳಗೆ’. 37ನೇ ಕಲಮು ಸಮಾನ ಕೆಲಸಕ್ಕೆ ಸಮಾನ ಕೂಲಿ ಎನ್ನುತ್ತದೆ, ಆದರೆ ಹೆಂಗಸಿನ ‘ಅತ್ಯಗತ್ಯ ಕೌಟುಂಬಿಕ ಪಾತ್ರ’ಕ್ಕೆ ಅನುಕೂಲವೂ ಆಗಬೇಕಂತೆ. ಈ ‘ಆದರೆ’ಗಳಲ್ಲೇ ಮುಂದಿನ ಇಪ್ಪತ್ತು ವರ್ಷ ಸಿಕ್ಕಿಹಾಕಿಕೊಂಡಿತು.

ಅದೇ ಕೋರ್ಟು, ಅದೇ ಕಲಮು, ಎರಡು ತೀರ್ಪು

ಹಳೆಯ ಸಂಹಿತೆಗಳು ತಾವಾಗಿ ಯಾಕೆ ಬೀಳಲಿಲ್ಲ? ಸಂವಿಧಾನ ಬಂದ ಮಾತ್ರಕ್ಕೆ ಹಿಂದಿನ ಕಾನೂನು ಅಳಿಯುವುದಿಲ್ಲ. ಒಂದೋ ಸಂಸತ್ತು ಬದಲಾಯಿಸಬೇಕು, ಇಲ್ಲವೇ ಸಾಂವಿಧಾನಿಕ ನ್ಯಾಯಾಲಯ ಹೊಡೆದುಹಾಕಬೇಕು. ಆ ನ್ಯಾಯಾಲಯ ಕೆಲಸ ಶುರುಮಾಡಿದ್ದೇ 1956ರಲ್ಲಿ. ಅಲ್ಲಿಗೆ ನಾಗರಿಕರು ನೇರವಾಗಿ ಹೋಗುವಂತೆಯೂ ಇಲ್ಲ. ಬೇರೆ ಯಾವುದೋ ಕೋರ್ಟಿನಲ್ಲಿ ಕೇಸು ನಡೆಯುತ್ತಿರಬೇಕು, ಆ ನ್ಯಾಯಾಧೀಶರಿಗೆ ‘ಈ ಕಾನೂನೇ ಸರಿಯಿಲ್ಲವೇನೋ’ ಎಂಬ ಅನುಮಾನ ಬರಬೇಕು, ಅವರು ಮೇಲಕ್ಕೆ ಕಳಿಸಬೇಕು. ಅಂದರೆ ಒಂದು ಸಾಲು ಅಳಿಯಬೇಕಾದರೆ ಆ ಸಾಲಿನಿಂದ ಪೆಟ್ಟು ತಿಂದು ಜಗಳಕ್ಕೆ ನಿಲ್ಲುವ ಒಬ್ಬ ಮನುಷ್ಯ ಬೇಕು.

ರೋಸಾನ್ನಾ ಒಲೀವಾ ಹಾಗೆ ನಿಂತವರು. ರಾಜಕೀಯ ಶಾಸ್ತ್ರ ಓದಿ, ಪ್ರಿಫೆಕ್ಟ್ ಕಚೇರಿಗಳ ಹುದ್ದೆಯ ಸ್ಪರ್ಧಾ ಪರೀಕ್ಷೆಗೆ ಅರ್ಜಿ ಹಾಕಿದರು. ಇದು ಹೆಚ್ಚುಕಡಿಮೆ ನಮ್ಮ ಜಿಲ್ಲಾಡಳಿತದ ಅಧಿಕಾರಿಗಳ ಸಾಲಿನ ಕೆಲಸ. ಹೆಂಗಸು ಎಂಬ ಒಂದೇ ಕಾರಣಕ್ಕೆ ಅರ್ಜಿ ವಾಪಸ್ ಬಂತು. ಅಡ್ಡ ಬಂದದ್ದು ಆ 1919ರ 7ನೇ ಕಲಮು. ಸಂವಿಧಾನ ಬರೆದವರಲ್ಲಿ ಒಬ್ಬರಾದ ಕೊಸ್ತಾಂತಿನೊ ಮೊರ್ತಾತಿ ಆಕೆಯ ಪರ ನಿಂತರು. 1960ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ಕಲಮಿನ ಮುಖ್ಯ ಭಾಗವನ್ನು ಹೊಡೆದುಹಾಕಿತು.

1963ರಲ್ಲಿ ಸಂಸತ್ತು ಎಲ್ಲ ಸರ್ಕಾರಿ ಹುದ್ದೆಗಳನ್ನೂ ತೆರೆಯಿತು, ನ್ಯಾಯಾಧೀಶರ ಹುದ್ದೆಯನ್ನೂ ಸೇರಿಸಿ. ಸಂವಿಧಾನ ಬರೆಯುವಾಗ ಇದಕ್ಕೆ ದೊಡ್ಡ ವಿರೋಧ ಇತ್ತು. ತಿಂಗಳ ಕೆಲವು ದಿನ ಹೆಂಗಸರ ಬುದ್ಧಿ ಸ್ಥಿಮಿತದಲ್ಲಿರುವುದಿಲ್ಲ ಅಂತೆಲ್ಲ ವಾದಿಸಿದ್ದರು. 1965ರಲ್ಲಿ ಮೊದಲ ಎಂಟು ಜನ ಸೇರಿದರು. ಇವತ್ತು ಇಟಲಿಯ ನ್ಯಾಯಾಂಗದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. 2019ರಲ್ಲಿ ಮಾರ್ತಾ ಕರ್ತಾಬಿಯಾ ಸಾಂವಿಧಾನಿಕ ನ್ಯಾಯಾಲಯದ ಅಧ್ಯಕ್ಷೆಯಾದರು. ತಿಂಗಳ ಲೆಕ್ಕ ಯಾರೂ ಇಟ್ಟಂತಿಲ್ಲ.

ವ್ಯಭಿಚಾರದ ಕಲಮಿನ ಕತೆ ಬೇರೆ ತರಹ. ಅದಕ್ಕೆ ಮೊದಲು ಸೈಕಲ್ ರೇಸಿನ ಒಬ್ಬ ದೇವರ ಬಗ್ಗೆ ಹೇಳಬೇಕು. ಫೌಸ್ತೊ ಕೊಪ್ಪಿ ಅಂದರೆ ಐವತ್ತರ ದಶಕದ ಇಟಲಿಗೆ ಹುಚ್ಚು. ಅವನಿಗೆ ಮದುವೆಯಾಗಿತ್ತು. ಅವನು ಪ್ರೀತಿಸಿದ ಜೂಲಿಯಾ ಒಕ್ಕೀನಿಗೂ ಮದುವೆಯಾಗಿತ್ತು. ವಿಚ್ಛೇದನ ಅನ್ನುವುದು ಕಾನೂನಿನಲ್ಲೇ ಇರಲಿಲ್ಲ. ಒಕ್ಕೀನಿಯ ಗಂಡ ದೂರು ಕೊಟ್ಟ. 1954ರಲ್ಲಿ ಪೊಲೀಸರು ರಾತ್ರಿ ಮನೆಗೆ ನುಗ್ಗಿ, ಹಾಸಿಗೆ ಇನ್ನೂ ಬೆಚ್ಚಗಿದೆಯೇ ಅಂತ ಮುಟ್ಟಿ ನೋಡಿದರು ಎಂಬ ಮಾತು ಇವತ್ತಿಗೂ ಇದೆ. ಜೈಲಿಗೆ ಹೋದದ್ದು ಆಕೆ. ಅವನ ಪಾಸ್‌ಪೋರ್ಟ್ ಮಾತ್ರ ಕಿತ್ತುಕೊಂಡರು. ಮರುವರ್ಷ ಇಬ್ಬರಿಗೂ ಶಿಕ್ಷೆಯಾಗಿ, ಜಾರಿ ಮಾಡದೆ ಬಿಟ್ಟರು. ಅವರ ಮಗ ಹುಟ್ಟಿದ್ದು ದೂರದ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಇಟಲಿಯಲ್ಲಿ ಹುಟ್ಟಿದ್ದರೆ ಮಗುವಿಗೆ ಅಪ್ಪನ ಅಡ್ಡಹೆಸರು ಸಿಗುತ್ತಿರಲಿಲ್ಲ, ಕಾನೂನಿನ ಪ್ರಕಾರ ಗಂಡನಾಗಿದ್ದವನ ಹೆಸರೇ ಅಂಟಿಕೊಳ್ಳುತ್ತಿತ್ತು.

ಈ ಕಲಮು 1961ರಲ್ಲಿ ಸಾಂವಿಧಾನಿಕ ನ್ಯಾಯಾಲಯದ ಮುಂದೆ ಬಂತು. ಹೆಂಡತಿಯ ತಪ್ಪು ಕುಟುಂಬಕ್ಕೆ ಜಾಸ್ತಿ ಪೆಟ್ಟು ಕೊಡುತ್ತದೆ, ಸಮಾಜ ಹಾಗೆಯೇ ನೋಡುತ್ತದೆ, ಆದ್ದರಿಂದ ಭೇದ ಸರಿ ಎಂದರು. ಏಳೇ ವರ್ಷ. 1968ರಲ್ಲಿ ಅದೇ ನ್ಯಾಯಾಲಯ ಅದೇ ಕಲಮನ್ನು ಹೊಡೆದುಹಾಕಿತು. ಈ ಭೇದ ಕುಟುಂಬದ ಒಗ್ಗಟ್ಟನ್ನು ಕಾಯುವುದಿಲ್ಲ, ಗಂಡನಿಗೆ ಸಿಕ್ಕ ವಿಶೇಷ ಸವಲತ್ತು ಅಷ್ಟೇ ಎಂದಿತು. ಸಂವಿಧಾನದ ಸಮಾನತೆಯ ಕಲಮುಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹೊರಗಿನ ಬೀದಿ ಬದಲಾಗಿತ್ತು.

ಅಲ್ಕಾಮೊದ ಹುಡುಗಿ

ಆ ಏಳು ವರ್ಷಗಳ ನಡುವೆ ಸಿಸಿಲಿಯ ಅಲ್ಕಾಮೊ ಎಂಬ ಊರಿನಲ್ಲಿ ಒಂದು ಘಟನೆ ನಡೆಯಿತು. 1965ರ ಡಿಸೆಂಬರ್ 26, ಕ್ರಿಸ್‌ಮಸ್ ಮರುದಿನ. ಫಿಲಿಪ್ಪೊ ಮೆಲೋದಿಯಾ ಎಂಬವನು ಹತ್ತಾರು ಜನರ ಜೊತೆ ಒಂದು ರೈತರ ಮನೆಗೆ ನುಗ್ಗಿದ. ಅಡ್ಡ ಬಂದ ತಾಯಿಗೆ ಹೊಡೆದು, 17 ವರ್ಷದ ಫ್ರಾಂಕಾ ವಿಯೋಲಾಳನ್ನು ಎಳೆದುಕೊಂಡು ಹೋದರು. ಎಂಟು ವರ್ಷದ ತಮ್ಮ ಅಕ್ಕನನ್ನು ಬಿಗಿಯಾಗಿ ಅಪ್ಪಿ ಹಿಡಿದು ಬಿಡಲಿಲ್ಲ. ಅವನನ್ನೂ ಕಾರಿಗೆ ಹಾಕಿಕೊಂಡರು, ಆಮೇಲೆ ಬಿಟ್ಟರು.

ಮೆಲೋದಿಯಾ ಅಪರಿಚಿತನಲ್ಲ. ಹಿಂದೆ ಅವನ ಜೊತೆ ಫ್ರಾಂಕಾಗೆ ನಿಶ್ಚಿತಾರ್ಥ ಆಗಿತ್ತು. ಅವನ ಮಾಫಿಯಾ ನಂಟು ತಿಳಿದ ಮೇಲೆ ಅಪ್ಪ ಬೆರ್ನಾರ್ದೊ ಸಂಬಂಧ ಮುರಿದಿದ್ದರು. ಅದಕ್ಕೆ ಅವರ ದ್ರಾಕ್ಷಿತೋಟಕ್ಕೆ ಬೆಂಕಿ ಬಿದ್ದಿತ್ತು.

ಎಂಟು ದಿನ ಕೂಡಿಟ್ಟು ಅತ್ಯಾಚಾರ ಮಾಡಿದ ಮೇಲೆ ಅವನ ಕಡೆಯವರು ಹುಡುಗಿಯ ಮನೆಗೆ ಹೇಳಿಕಳಿಸಿದರು: ಬನ್ನಿ, ಕೂತು ಮಾತಾಡೋಣ. ಅಲ್ಲಿ ಅದಕ್ಕೊಂದು ಹೆಸರೇ ಇತ್ತು, ‘ಪಾಚಾತಾ’, ರಾಜಿ ಪಂಚಾಯಿತಿ. ಆಮೇಲೆ ನಡೆಯುವುದು ‘ಮಾತ್ರಿಮೋನಿಯೊ ರಿಪಾರತೋರೆ’. ಕನ್ನಡದಲ್ಲಿ ಅಕ್ಷರಶಃ ರಿಪೇರಿ ಮದುವೆ! ಕೆಟ್ಟುಹೋದ ಹುಡುಗಿಯ ಮಾನವನ್ನು ರಿಪೇರಿ ಮಾಡುವುದು. ದಂಡಸಂಹಿತೆಯ 544ನೇ ಕಲಮು ಇದಕ್ಕೆ ಮುದ್ರೆ ಒತ್ತುತ್ತಿತ್ತು. ಮದುವೆಯಾದ ಕೂಡಲೇ ಅಪರಾಧ ಅಳಿದುಹೋಗುತ್ತದೆ, ಜೊತೆಗಿದ್ದವರ ಅಪರಾಧವೂ ಸಹ.

ಬೆರ್ನಾರ್ದೊ ಒಪ್ಪಿದಂತೆ ನಟಿಸಿ ಪೊಲೀಸರ ಜೊತೆ ಸಂಚು ಮಾಡಿದರು. 1966ರ ಜನವರಿ 2ರಂದು ಹುಡುಗಿ ಬಿಡುಗಡೆಯಾದಳು. ಮದುವೆಯಾಗುವುದಿಲ್ಲ ಎಂದಳು. ತ್ರಾಪನಿಯ ಕೋರ್ಟಿನಲ್ಲಿ ಆ ಕಡೆಯ ವಕೀಲರು ಇದು ‘ಫೂಯಿತೀನಾ’, ಇಬ್ಬರೂ ಒಪ್ಪಿ ಓಡಿಹೋದದ್ದು ಎಂದು ವಾದಿಸಿದರು. ಮಾನ ಹೋಗುವುದು ಅಂಥ ಕೆಲಸ ಮಾಡಿದವನದು, ಅನುಭವಿಸಿದವಳದಲ್ಲ ಎಂಬ ಅರ್ಥದ ಫ್ರಾಂಕಾಳ ಮಾತನ್ನು ಇಟಲಿಯಲ್ಲಿ ಇವತ್ತಿಗೂ ನೆನೆಯುತ್ತಾರೆ. ಮೆಲೋದಿಯಾನಿಗೆ 11 ವರ್ಷ ಶಿಕ್ಷೆಯಾಯಿತು. ‘ಇನ್ನು ಇವಳನ್ನು ಯಾರು ಮದುವೆಯಾಗುತ್ತಾರೆ’ ಎಂದ ಊರಿನಲ್ಲೇ, 1968ರ ಡಿಸೆಂಬರಿನಲ್ಲಿ, ಜುಸೆಪ್ಪೆ ರುಯಿಸಿ ಎಂಬ ತನ್ನ ಊರಿನ ಹುಡುಗನನ್ನೇ ಮದುವೆಯಾದಳು. ರಾಷ್ಟ್ರಾಧ್ಯಕ್ಷರು ಉಡುಗೊರೆ ಕಳಿಸಿದರು.

ನನಗೆ ಈ ಕತೆಯಲ್ಲಿ ಹುಡುಗಿಯಷ್ಟೇ ಕಾಡುವವರು ಆ ಅಪ್ಪ. ತೋಟ ಸುಟ್ಟುಹೋದ ಮೇಲೂ, ಊರು ಬೆನ್ನು ತಿರುಗಿಸಿದ ಮೇಲೂ, ಮಗಳ ‘ಇಲ್ಲ’ದ ಪಕ್ಕ ನಿಂತ ಒಬ್ಬ ಓದುಬರಹ ಕಮ್ಮಿಯ ರೈತ. ಆದರೆ ಒಬ್ಬ ಅಪ್ಪ, ಒಬ್ಬ ಮಗಳು ಗೆದ್ದ ಮಾತ್ರಕ್ಕೆ ಕಾನೂನು ಬದಲಾಗಲಿಲ್ಲ. 544ನೇ ಕಲಮನ್ನೂ, ಮಾನದ ಹೆಸರಿನ ಕೊಲೆಗೆ ಶಿಕ್ಷೆ ಇಳಿಸುವ 587ನೇ ಕಲಮನ್ನೂ ಸಂಸತ್ತು ಅಳಿಸಿದ್ದು 1981ರ ಆಗಸ್ಟಿನಲ್ಲಿ. ಫ್ರಾಂಕಾ ‘ಇಲ್ಲ’ ಎಂದು ಹದಿನೈದು ವರ್ಷ ಕಳೆದಿತ್ತು.

ಒಂದು ದಶಕದ ಅವಸರ

ಎಪ್ಪತ್ತರ ದಶಕದಲ್ಲಿ ಮಾತ್ರ ಇಟಲಿ ಓಡಿತು. 1970ರ ಡಿಸೆಂಬರಿನಲ್ಲಿ ವಿಚ್ಛೇದನದ ಕಾನೂನು ಬಂತು. ಚರ್ಚಿನ ಬೆಂಬಲಿಗರು ಸಹಿ ಸಂಗ್ರಹಿಸಿ, ಅದನ್ನು ರದ್ದು ಮಾಡಲು ಜನಮತ ಕೇಳಿದರು. ಪೋಪ್ ಇರುವ ದೇಶ, ಗೆದ್ದೇ ಗೆಲ್ಲುತ್ತೇವೆ ಎಂಬ ನಂಬಿಕೆ. 1974ರ ಮೇ ತಿಂಗಳಲ್ಲಿ ನೂರಕ್ಕೆ 59 ಮಂದಿ ಕಾನೂನು ಉಳಿಯಲಿ ಎಂದರು. ಪಾರ್ಟಿಗಳ ನಾಯಕರಿಗಿಂತ ಜನ ಮುಂದೆ ಹೋಗಿದ್ದರು.

1975ರ ಕುಟುಂಬ ಕಾನೂನು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಸದ್ದು ಕಮ್ಮಿಯಾದರೂ. ಗಂಡ ಯಜಮಾನ ಎಂಬ ಸಾಲು ಹೋಯಿತು. ಎಲ್ಲಿ ವಾಸ ಮಾಡಬೇಕು ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಬೇಕು. ಮಕ್ಕಳ ಮೇಲೆ ಇಬ್ಬರಿಗೂ ಅಧಿಕಾರ. ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ ಮದುವೆಯ ಮೇಲೆ ಸಂಪಾದಿಸಿದ್ದು ಇಬ್ಬರದೂ. ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೂ ಹಕ್ಕು. ವರದಕ್ಷಿಣೆಗೂ ನಿಷೇಧ. ಹೌದು, ಇಟಲಿಯ ಸಂಹಿತೆಯಲ್ಲಿ ಅಲ್ಲಿಯವರೆಗೂ ‘ದೋತೆ’ ಎಂಬ ವರದಕ್ಷಿಣೆಗೆ ಒಂದು ಇಡೀ ಅಧ್ಯಾಯವೇ ಇತ್ತು.

1976ರಲ್ಲಿ ತೀನಾ ಅನ್ಸೆಲ್ಮಿ ದೇಶದ ಮೊದಲ ಮಹಿಳಾ ಮಂತ್ರಿಯಾದರು, ಕಾರ್ಮಿಕ ಖಾತೆ. ಮರುವರ್ಷ ಕೆಲಸದಲ್ಲಿ ಗಂಡು ಹೆಣ್ಣು ಭೇದ ಮಾಡಬಾರದು ಎಂಬ ಕಾನೂನು ತಂದರು. 1978ರಲ್ಲಿ ಮೊದಲ 90 ದಿನಗಳೊಳಗೆ ಗರ್ಭಪಾತಕ್ಕೆ ಅವಕಾಶ ಸಿಕ್ಕಿತು, 1981ರ ಜನಮತದಲ್ಲಿ ಅದೂ ಉಳಿಯಿತು. ಅದರಲ್ಲೂ ಒಂದು ‘ಆದರೆ’ ಇದೆ. ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ವೈದ್ಯರು ಹಿಂದೆ ಸರಿಯಬಹುದು. ಸರ್ಕಾರಿ ವ್ಯವಸ್ಥೆಯ ಸ್ತ್ರೀರೋಗ ತಜ್ಞರಲ್ಲಿ ಹತ್ತಕ್ಕೆ ಆರು ಮಂದಿಯಾದರೂ ಹೀಗೆ ಹಿಂದೆ ಸರಿದವರು. ಹಕ್ಕು ದೇಶಕ್ಕೆಲ್ಲ ಒಂದೇ, ಸಿಗುವುದು ಮಾತ್ರ ಊರು ನೋಡಿ.

ಅತ್ಯಾಚಾರ ‘ವ್ಯಕ್ತಿಯ ಮೇಲಿನ ಅಪರಾಧ’ ಆಗಲು 1996 ಬೇಕಾಯಿತು. ಹೊಸ ಕಾನೂನು ಬಂದು ಮೂರೇ ವರ್ಷಕ್ಕೆ, 1999ರಲ್ಲಿ, ಅತ್ಯುನ್ನತ ನ್ಯಾಯಾಲಯ ಒಂದು ಅತ್ಯಾಚಾರದ ಶಿಕ್ಷೆಯನ್ನು ರದ್ದು ಮಾಡಿತು. ಹುಡುಗಿ ಜೀನ್ಸ್ ತೊಟ್ಟಿದ್ದಳು, ಜೀನ್ಸನ್ನು ಅವಳ ಸಹಕಾರವಿಲ್ಲದೆ ಬಿಚ್ಚಲು ಆಗುವುದಿಲ್ಲ ಎಂಬುದು ಒಂದು ಕಾರಣ! ಮರುದಿನ ಸಂಸದೆಯರು ಪಕ್ಷಭೇದವಿಲ್ಲದೆ ಜೀನ್ಸ್ ತೊಟ್ಟು ಸಂಸತ್ತಿಗೆ ಬಂದರು. ಪೊಯೆತ್ ಅವರ ಗೌನು ನೆನಪಾಯಿತೇ? 1883ರಲ್ಲೂ 1999ರಲ್ಲೂ ನ್ಯಾಯಾಧೀಶರ ಕಣ್ಣು ಬಟ್ಟೆಯ ಮೇಲೇ. 2008ರಲ್ಲಿ ಅದೇ ನ್ಯಾಯಾಲಯ ಈ ಜೀನ್ಸ್ ವಾದವನ್ನು ಕೈಬಿಟ್ಟಿತು.

ತಾರೀಖಿಲ್ಲದ ರಾಜೀನಾಮೆ

ಇಲ್ಲಿಯವರೆಗೆ ಅಳಿಸುವ ಕತೆ. ಇನ್ನು ಅಳಿಸಲು ಸಾಲೇ ಇಲ್ಲದ ಕಡೆ ಏನಾಗುತ್ತದೆ ನೋಡೋಣ. ಮತ್ತೇಯಿ ಅವರ ‘ವಾಸ್ತವದಲ್ಲಿ’ ಇರುವುದು ಇಲ್ಲೇ.

ಇಟಲಿಯ ಕಾನೂನು ತಾಯಂದಿರ ಪರವಾಗಿಯೇ ಇದೆ. 1950ರಿಂದಲೇ ಗರ್ಭಿಣಿಯನ್ನು ಕೆಲಸದಿಂದ ತೆಗೆಯುವಂತಿಲ್ಲ. 1963ರಿಂದ ಮದುವೆಯಾದಳು ಎಂದೂ ತೆಗೆಯುವಂತಿಲ್ಲ. 1971ರಿಂದ ಐದು ತಿಂಗಳ ಕಡ್ಡಾಯ ರಜೆ, ಸಂಬಳದ ನೂರಕ್ಕೆ 80 ಭಾಗ ಕೈಗೆ ಬರುತ್ತದೆ. ಇಷ್ಟಿದ್ದೂ ಒಂದು ಉಪಾಯ ಹುಟ್ಟಿಕೊಂಡಿತು. ಕೆಲಸಕ್ಕೆ ಸೇರುವ ದಿನ ಮೇಜಿನ ಮೇಲೆ ಎರಡು ಕಾಗದ. ಒಂದು ಕೆಲಸದ ಕರಾರು. ಇನ್ನೊಂದು ರಾಜೀನಾಮೆ ಪತ್ರ, ತಾರೀಖು ಖಾಲಿ. ಎರಡಕ್ಕೂ ಸಹಿ ಹಾಕಿದರೆ ಕೆಲಸ. ಎರಡನೆಯದು ಮಾಲೀಕನ ಡ್ರಾಯರಿನಲ್ಲಿ ಸುಮ್ನೆ ಮಲಗಿರುತ್ತದೆ. ಹುಡುಗಿ ಬಸುರಿ ಎಂದು ತಿಳಿದ ದಿನ ಡ್ರಾಯರು ತೆರೆಯುತ್ತದೆ, ಪೆನ್ನು ಹೊರಬರುತ್ತದೆ, ತಾರೀಖು ತುಂಬುತ್ತದೆ. ಯಾರೂ ಅವಳನ್ನು ತೆಗೆದಿಲ್ಲ, ಅವಳೇ ಬಿಟ್ಟಳು!

ಇದನ್ನು ತಡೆಯಲು 2007ರಲ್ಲಿ ಕಾನೂನು ಬಂತು. ಮುಂದಿನ ಸರ್ಕಾರ 2008ರಲ್ಲೇ ಅದನ್ನು ರದ್ದು ಮಾಡಿತು. 2016ರಿಂದ ರಾಜೀನಾಮೆ ಆನ್‌ಲೈನಿನಲ್ಲೇ ಕೊಡಬೇಕು ಎಂಬ ನಿಯಮ ಬಂದ ಮೇಲೆ ಡ್ರಾಯರಿನ ಕಾಗದಕ್ಕೆ ಬೆಲೆ ಹೋಯಿತು.

ಆದರೂ ಇಟಲಿಯಲ್ಲಿ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಕೆಲಸದಲ್ಲಿರುವವರು ನೂರಕ್ಕೆ ಸುಮಾರು 53. ಐರೋಪ್ಯ ಒಕ್ಕೂಟದಲ್ಲಿ ತೀರಾ ಕಮ್ಮಿ ಇರುವುದು ಇಲ್ಲೇ. ದಕ್ಷಿಣದ ಕಡೆ 40 ಕೂಡ ಮುಟ್ಟುವುದಿಲ್ಲ. ಯಾಕೆ? ದೊಡ್ಡ ಕಾರಣ ಮಗುವನ್ನು ಎಲ್ಲಿ ಬಿಡುವುದು ಅನ್ನುವುದು. 1971ರಲ್ಲೇ ಐದು ವರ್ಷದಲ್ಲಿ 3,800 ಸರ್ಕಾರಿ ಶಿಶುಪಾಲನಾ ಕೇಂದ್ರ ಕಟ್ಟುತ್ತೇವೆ ಎಂದು ಕಾನೂನು ಮಾಡಿದ್ದರು. ಆ ಗುರಿ ಹೊತ್ತಿಗೆ ಸರಿಯಾಗಿ ಮುಟ್ಟಲೇ ಇಲ್ಲ, ಕಟ್ಟಿದ್ದರಲ್ಲೂ ಬಹುಪಾಲು ಉತ್ತರದಲ್ಲಿ. ಹಾಗಾಗಿ ಇಟಲಿಯ ನಿಜವಾದ ಶಿಶುವಿಹಾರ ಅಂದರೆ ಅಜ್ಜಿ, ಅವರ ಮಾತಿನಲ್ಲಿ ‘ನೋನ್ನಾ’. ಅಜ್ಜಿ ಹತ್ತಿರವಿದ್ದರೆ ಮಗಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಇದು ನಮಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಅಪ್ಪಂದಿರಿಗೆ ಕಡ್ಡಾಯ ರಜೆ ಶುರುವಾದದ್ದು 2013ರಲ್ಲಿ, ಆಗ ಒಂದೇ ಒಂದು ದಿನ. ಈಗ ಹತ್ತು. ಹೆಂಗಸರು ಇದಕ್ಕೆಲ್ಲ ತಮ್ಮದೇ ಉತ್ತರ ಕೊಟ್ಟಿದ್ದಾರೆ. 2024ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.18.

ಮೇಲಿನ ಕುರ್ಚಿಗಳಲ್ಲಿ ಬದಲಾವಣೆ ಬಂದದ್ದು ಒತ್ತಾಯದಿಂದ. ಷೇರು ಮಾರುಕಟ್ಟೆಯ ಕಂಪನಿಗಳ ಆಡಳಿತ ಮಂಡಳಿಯಲ್ಲಿ 2011ರಲ್ಲಿ ಹೆಂಗಸರು ನೂರಕ್ಕೆ ಸುಮಾರು ಏಳು. ಆ ವರ್ಷ ಕೋಟಾ ಕಾನೂನು ಬಂತು, ಈಗ 40 ದಾಟಿದೆ. ಆದರೆ ಕಂಪನಿ ನಡೆಸುವ ಮುಖ್ಯಾಧಿಕಾರಿಯ ಕುರ್ಚಿಗೆ ಕೋಟಾ ಇಲ್ಲ, ಅಲ್ಲಿ ಹೆಂಗಸರನ್ನು ಹುಡುಕಬೇಕು. ರಾಜಕೀಯದಲ್ಲಿ ನಿಲ್ದೆ ಯೋತ್ತಿ 1979ರಿಂದ 13 ವರ್ಷ ಕೆಳಮನೆಯ ಅಧ್ಯಕ್ಷೆಯಾಗಿದ್ದರು. ಪ್ರಧಾನಿ ಕುರ್ಚಿಗೆ ಹೆಂಗಸು ಬರಲು 2022 ಬೇಕಾಯಿತು. ಬಂದ ಜೋರ್ಜಾ ಮೆಲೋನಿ ತಮ್ಮ ಹುದ್ದೆಯ ಹೆಸರಿನ ಮೊದಲು ಪುಲ್ಲಿಂಗದ ‘ಇಲ್’ ಇರಲಿ, ಸ್ತ್ರೀಲಿಂಗದ ‘ಲಾ’ ಬೇಡ ಎಂದರು. ಇಟಲಿಯವರು ಈ ಎರಡಕ್ಷರದ ಮೇಲೆ ವಾರಗಟ್ಟಲೆ ಜಗಳವಾಡಿದರು.

2023ರ ನವೆಂಬರಿನಲ್ಲಿ ಜೂಲಿಯಾ ಚೆಕ್ಕೆತ್ತಿನ್ ಎಂಬ 22ರ ವಿದ್ಯಾರ್ಥಿನಿಯನ್ನು ಹಳೆಯ ಗೆಳೆಯ ಕೊಂದ. ದೇಶವೇ ಬೀದಿಗೆ ಬಂತು. 2025ರ ನವೆಂಬರ್ 25ರಂದು ಕೆಳಮನೆ ಒಂದೂ ವಿರೋಧವಿಲ್ಲದೆ ‘ಫೆಮಿನಿಚೀದಿಯೊ’ವನ್ನು, ಹೆಣ್ಣೆಂಬ ಕಾರಣಕ್ಕೆ ಮಾಡಿದ ಕೊಲೆಯನ್ನು, ಪ್ರತ್ಯೇಕ ಅಪರಾಧವಾಗಿ ಒಪ್ಪಿತು. ಶಿಕ್ಷೆ ಜೀವಾವಧಿ. ಕೊಂದವನಿಗೆ ಮೂರು ವರ್ಷ ಕೊಟ್ಟರೆ ಸಾಕು ಎನ್ನುತ್ತಿದ್ದ ಅದೇ ದಂಡಸಂಹಿತೆಗೆ ಈ ಹೊಸ ಕಲಮು ಸೇರಿದೆ.

ಅಳಿಸಬೇಕಾದ ಹಳೆಯ ಸಾಲು ಒಂದು ಇನ್ನೂ ಇತ್ತು. ವಿಚಿತ್ರ ಅಂದರೆ ಅದು ಎಲ್ಲೂ ನೇರವಾಗಿ ಬರೆದಿರಲಿಲ್ಲ, ಆದರೂ ಎಲ್ಲರೂ ಪಾಲಿಸುತ್ತಿದ್ದರು. ಮದುವೆಯಾದವರ ಮಗುವಿಗೆ ಅಪ್ಪನ ಅಡ್ಡಹೆಸರು. ಅಮ್ಮ ಮದುವೆಯಾದ ಮೇಲೂ ದಾಖಲೆಗಳಲ್ಲಿ ತನ್ನ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ, ಆದರೆ ಮಗುವಿಗೆ ಅದೊಂದನ್ನೇ ಕೊಡುವಂತಿರಲಿಲ್ಲ. 2022ರ ಏಪ್ರಿಲಿನಲ್ಲಿ ಸಾಂವಿಧಾನಿಕ ನ್ಯಾಯಾಲಯ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಇನ್ನು ಮೇಲೆ ಮಗುವಿಗೆ ಇಬ್ಬರ ಹೆಸರೂ, ಅವರು ಒಪ್ಪಿದ ಕ್ರಮದಲ್ಲಿ. ಇಬ್ಬರೂ ಒಪ್ಪಿದರೆ ಒಬ್ಬರದೇ. ಕೊಪ್ಪಿ ಮತ್ತು ಒಕ್ಕೀನಿ ಮಗುವಿನ ಹೆಸರಿಗಾಗಿ ಸಮುದ್ರ ದಾಟಿ 67 ವರ್ಷವಾಗಿತ್ತು.

ಹಾಗಾದರೆ ಎರಡು ಅಡ್ಡಹೆಸರಿನ ಹುಡುಗ ಎರಡು ಅಡ್ಡಹೆಸರಿನ ಹುಡುಗಿಯನ್ನು ಮದುವೆಯಾದರೆ ಅವರ ಮಗುವಿಗೆ ನಾಲ್ಕೇ? ಅದಕ್ಕೊಂದು ಕಾನೂನು ಮಾಡಿ ಎಂದು ನ್ಯಾಯಾಲಯ ಸಂಸತ್ತಿಗೆ ಹೇಳಿತು. ಮೊದಲ ಎರಡು ಹೆಸರಿನ ಮಕ್ಕಳು ಈಗ ಶಿಶುವಿಹಾರಕ್ಕೆ ಹೋಗುತ್ತಿದ್ದಾರೆ. ಅವರ ಮದುವೆಗೆ ಇನ್ನೂ ಒಂದಿಪ್ಪತ್ತು ವರ್ಷ ಇದೆ.